ಗುತ್ತಿಗಾರಿನಿಂದ ಹೊರಟ ಜೋಳ

ಮೊನ್ನೆ ಪುತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಜುಲೈ ತಿಂಗಳ ಮಳೆ, ಕೊಡೆಗಳ ತಿಕ್ಕಾಟ, ಕಂಡಕ್ಟರುಗಳ ಕೂಗು, ಅದರ ನಡುವೆ ಪಟಪಟ ಆ ಸದ್ದು. ರಸ್ತೆ ಅಗಲ ಮಾಡುವ ಕೆಲಸಕ್ಕೆ ನಮ್ಮ ಬಾಗಲಕೋಟೆ ಕಡೆಯ ಜನ ಬಂದಿದ್ದಾರೆ. ಅವರಿಗೋಸ್ಕರ ಯಾರೋ ತಗಡಿನ ಮಾಡಿನ ಕೆಳಗೆ ಒಂದು ಖಾನಾವಳಿ ಶುರು ಮಾಡಿದ್ದಾರೆ. ಹತ್ತಿರ ಹೋದೆ. ಹಂಚಿನ ಮೇಲೆ ಬೇಯುತ್ತಿದ್ದ ಜೋಳದ ವಾಸನೆಯೂ ಹೊರಗಿನ ಒದ್ದೆ ಮಣ್ಣಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ಜೋಳ ಬೆಳೆಯುವಲ್ಲಿ ಇಷ್ಟು ಮಳೆ ಇಲ್ಲ, ಇಷ್ಟು ಮಳೆ ಬರುವಲ್ಲಿ ಜೋಳ ಇಲ್ಲ. ಅವೆರಡೂ ನನ್ನ ಮೂಗಿನಲ್ಲಿ ಮೊದಲ ಸಲ ಸೇರಿದ್ದು ಸುಳ್ಯದ ಕಡೆಯ ಗುತ್ತಿಗಾರಿನಲ್ಲಿ, ನನ್ನ ಮದುವೆಯಾದ ವರ್ಷದ ಮಳೆಗಾಲದಲ್ಲಿ. ಬಸ್ಸು ಹೋದರೆ ಹೋಗಲಿ ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ.

ನಾನು ಮಲಪ್ರಭೆಯ ದಂಡೆಯ ಊರಿನವಳು, ಹೆಸರು ಮಹಾದೇವಿ. ಆಗ ಸುಳ್ಯ, ಕಡಬ ಕಡೆಯ ಕೃಷಿಕರ ಮನೆಯ ಗಂಡುಗಳಿಗೆ ಅಲ್ಲಿಯೇ ಹೆಣ್ಣು ಸಿಗುವುದು ಕಷ್ಟವಾಗಿತ್ತು. ಪರಿಚಯದವರನ್ನು ಹಿಡಿದು ಘಟ್ಟ ಹತ್ತಿ ನಮ್ಮ ಕಡೆ ಬರುತ್ತಿದ್ದರು. ಜಯಂತನೂ ಹಾಗೆ ಬಂದವನು. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ, ನಾನು ಒತ್ತಾಯಕ್ಕೆ ಬಗ್ಗುವವಳೂ ಅಲ್ಲ. ಹೆಣ್ಣು ನೋಡಲು ಬಂದ ದಿನ ಅವನು ಬಡಿಸಿದ್ದನ್ನೆಲ್ಲ ಉಂಡು, ತಾಟನ್ನು ತಾನೇ ಎತ್ತಿಕೊಂಡು ತೊಳೆಯಲು ಹಿತ್ತಿಲಿಗೆ ಹೋದ. ನಮ್ಮ ಮನೆಯ ಗಂಡಸರು ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹಿತ್ತಿಲಿಂದ ಅವನು ಒಳಗೆ ಬರುವಷ್ಟರಲ್ಲಿ ನಾನು ಒಪ್ಪಿಯಾಗಿತ್ತು.

ಗುತ್ತಿಗಾರಿನ ಆ ಮನೆಯಲ್ಲಿ ಇದ್ದದ್ದು ಜಯಂತ, ಅವನ ತಾಯಿ ದೇವಕಿ, ಎರಡು ದನ. ಗುಡ್ಡದ ಮೇಲೆ ಸ್ವಲ್ಪ ರಬ್ಬರ್ ಇತ್ತು. ತಾಯಿ ಮಗ ತಮ್ಮೊಳಗೆ ಅರೆಭಾಷೆ ಎಂಬ ಮನೆಮಾತು ಆಡುತ್ತಿದ್ದರು, ನೆರೆಯವರ ಹತ್ತಿರ ತುಳು, ನನ್ನ ಹತ್ತಿರ ಬಹಳ ಜೋಪಾನದ ಕನ್ನಡ. ನಾನು ಮಾತಾಡಿದರೆ ಅತ್ತೆ ಕಣ್ಣು ಸಣ್ಣದು ಮಾಡಿ ಕೇಳುತ್ತಿದ್ದರು. ಅರ್ಥವಾಗದಿದ್ದರೂ ಹೂಂ ಅನ್ನುತ್ತಿದ್ದರು. ಒಳ್ಳೆಯವರೇ. ತಾಪತ್ರಯ ಇದ್ದದ್ದು ಊಟದಲ್ಲಿ.

ಕುಚ್ಚಲಕ್ಕಿ ಅನ್ನ ನನಗೆ ಅಗಿದರೆ ಮುಗಿಯುತ್ತಿರಲಿಲ್ಲ, ನುಂಗಿದರೆ ಇಳಿಯುತ್ತಿರಲಿಲ್ಲ. ಸಾರಿಗೂ ಪಲ್ಯಕ್ಕೂ ಚಟ್ನಿಗೂ ತೆಂಗಿನಕಾಯಿ. ಮಳೆ ಹಿಡಿದ ಮೇಲಂತೂ ತರಕಾರಿ ಎಂದು ಅತ್ತೆ ತಂದಿಡುತ್ತಿದ್ದದ್ದೆಲ್ಲ ನನ್ನ ಕಣ್ಣಿಗೆ ತರಕಾರಿಯೇ ಅಲ್ಲ. ಹಲಸಿನ ಬೀಜ, ಕೆಸುವಿನ ದಂಟು, ಬೇಲಿಯ ಬುಡದ ಸೊಪ್ಪು, ಬೇಸಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ. ಒಣಮೀನಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡದ್ದನ್ನು ಕಂಡು ಅದನ್ನು ಅವರು ಬಚ್ಚಲಿನ ಒಲೆಯಲ್ಲಿ ಸುಡತೊಡಗಿದರು. ರಾತ್ರಿ ಊಟಕ್ಕೆ ಕೂತಾಗ ನನಗೆ ಬರುತ್ತಿದ್ದ ನೆನಪು ಒಂದೇ, ಅವ್ವನ ಕೈಯ ಬಿಸಿ ರೊಟ್ಟಿ. ಜೂನ್ ಕಳೆಯುವಷ್ಟರಲ್ಲಿ ನನ್ನ ಬಳೆಗಳು ಮೊಣಕೈ ತನಕ ಜಾರತೊಡಗಿದ್ದವು.

ಒಂದು ಸಲ ಹಟ ಹಿಡಿದು ನಾನೇ ಬದನೆಕಾಯಿ ಎಣಗಾಯಿ ಮಾಡಿದೆ. ಗುರೆಳ್ಳು ಇಲ್ಲ, ಸರಿಯಾದ ಖಾರದ ಪುಡಿ ಇಲ್ಲ, ಆದರೂ ಮಾಡಿದೆ. ಜಯಂತ ಹಣೆಯ ಬೆವರು ಒರೆಸಿಕೊಳ್ಳುತ್ತ, ನೀರು ಕುಡಿಯುತ್ತ ಪೂರ್ತಿ ತಿಂದ. ಅತ್ತೆ ಒಂದು ತುತ್ತು ತಿಂದು, ಸದ್ದಿಲ್ಲದೆ ಎದ್ದು ಹೋಗಿ, ತೆಂಗಿನಕಾಯಿ ತುರಿದುಕೊಂಡು ಬಂದು ತಮ್ಮ ಪಾಲಿನ ಮೇಲೆ ಉದುರಿಸಿಕೊಂಡರು. ಅವತ್ತೇ ತೀರ್ಮಾನ ಮಾಡಿದೆ, ಕೈಗೆ ಜೋಳದ ಹಿಟ್ಟು ಸಿಗುವ ತನಕ ಈ ಒಲೆಯ ಮುಂದೆ ಕೂರುವುದಿಲ್ಲ ಎಂದು.

ಇನ್ನು ಹಾಲಿನ ಸೊಸೈಟಿಯ ಮಾತು ಹೇಳಬೇಕು. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡಾಂಬರು ರಸ್ತೆಗೆ ಇಳಿದರೆ ಅಲ್ಲೇ ಸೊಸೈಟಿ. ಹಾಲನ್ನು ಮೆಷಿನ್ನಿಗೆ ಇಟ್ಟು ಫ್ಯಾಟ್ ನೋಡುವವಳು ವಾರಿಜಕ್ಕ. ಮೆಷಿನ್ನು ಗುಂಯ್ ಎನ್ನುತ್ತ ಲೆಕ್ಕ ಹಾಕುವ ಹೊತ್ತಿನಲ್ಲಿ ಅವಳಿಗೂ ಕೆಲಸವಿಲ್ಲ, ಹಾಲು ತಂದವಳಿಗೂ ಕೆಲಸವಿಲ್ಲ. ಆಗ ಅವಳು ಕೇಳುತ್ತಾಳೆ, ನಿನ್ನೆ ರಾತ್ರಿಗೆ ಎಂತ ಎಂದು. ಹಾಲು ತಂದವಳು ತನ್ನ ಮನೆಯ ರಾತ್ರಿಯೂಟ ಹೇಳಬೇಕು, ಸಾಲಿನಲ್ಲಿ ನಿಂತವರೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಮೊದಮೊದಲು ಇದು ಬರೀ ಹೊತ್ತು ಕಳೆಯುವ ಪಟ್ಟಾಂಗ ಎಂದುಕೊಂಡಿದ್ದೆ. ಅಲ್ಲ. ಮಳೆಗೆ ಘಟ್ಟದ ಮೇಲಿನ ತರಕಾರಿ ಲಾರಿ ಸರಿಯಾಗಿ ಬರುವುದಿಲ್ಲ. ಒಬ್ಬಳು ಅಣಬೆ ಸಾರು ಎಂದರೆ ಗುಡ್ಡದಲ್ಲಿ ಅಣಬೆ ಎದ್ದಿದೆ ಎಂದು ಉಳಿದವರಿಗೆ ತಿಳಿಯುತ್ತದೆ. ಒಬ್ಬಳು ಕಣಿಲೆ ಪಲ್ಯ ಎಂದರೆ ಬಿದಿರು ಮೊಳಕೆ ಒಡೆದಿದೆ ಎಂದು. ಆಮೇಲೆ ಮನೆಗೆ ಹೋಗುವವರ ಕಾಲು ಬೇರೆ ಬೇರೆ ದಾರಿ ಹಿಡಿಯುತ್ತಿತ್ತು.

ಹೇಳುವುದಕ್ಕೂ ಒಂದು ಕ್ರಮ ಇತ್ತು. ಎಲ್ಲರೂ ಮೊದಲು ಎಂತ ಇಲ್ಲ ಎನ್ನುತ್ತಾರೆ. ಎಂತ ಇಲ್ಲ, ಒಂದು ಗಂಜಿ. ಮೊದಲ ದಿನ ಅದನ್ನು ಕೇಳಿ ನನಗೆ ನಿಜಕ್ಕೂ ಕನಿಕರವಾಯಿತು. ಈ ಮಳೆಯಲ್ಲಿ ಬರೀ ಗಂಜಿ ಕುಡಿದು ಮಲಗಿದ್ದಾಳಲ್ಲ, ಪಾಪ, ನಮ್ಮ ಮನೆಯಿಂದ ಏನಾದರೂ ಒಯ್ದು ಕೊಡಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಮುಂದುವರಿಸಿದಳು: ಸೌತೆಕಾಯಿ ಹುಳಿ ಇತ್ತು, ಹಲಸಿನ ಬೀಜದ್ದು ಒಂದು ಪಲ್ಯ, ಮಾವಿನಕಾಯಿ ಚಟ್ನಿ, ಮತ್ತೆ ಮಧ್ಯಾಹ್ನದ ಮೀನು ಸಾರು ಸ್ವಲ್ಪ ಉಳಿದಿತ್ತು. ನಮ್ಮ ಕಡೆ ಇಲ್ಲ ಎಂದರೆ ಇಲ್ಲ. ಇಲ್ಲಿ ಇಲ್ಲ ಎಂದ ಮೇಲೆಯೇ ಶುರು.

ಇನ್ನೊಂದು ಕ್ರಮ, ಅಡುಗೆ ಮಾಡಿದವರೇ ಹೇಳಬೇಕು. ನನ್ನ ಸರದಿ ಬಂದಾಗ ನಾನು ಅತ್ತೆ ಮಾಡಿದ್ದು ಅಂದೆ. ಹಾಗಾದ್ರೆ ಅತ್ತೆ ಬಂದಾಗ ಹೇಳ್ಲಿ ಎಂದು ವಾರಿಜಕ್ಕ ನಕ್ಕು ಮುಂದಿನವಳ ಕ್ಯಾನು ತೆಗೆದುಕೊಂಡಳು. ಅವಳು ಚುಚ್ಚಲು ಅಂದದ್ದಲ್ಲ, ಆದರೆ ನನಗೆ ಚುಚ್ಚಿತು. ಆ ಸಾಲಿನಲ್ಲಿ ಹೇಳಲು ನನ್ನದು ಎಂಬ ಒಂದು ಊಟ ನನಗಿರಲಿಲ್ಲ. ದಿನಾ ಹಾಲು ಅಳೆಸಿ, ಬಾಯಿ ಮುಚ್ಚಿಕೊಂಡು ವಾಪಸು ಬರುತ್ತಿದ್ದೆ.

ಸಾಲಿನಲ್ಲಿ ಕೇಶವ ಎಂಬವನೂ ಬರುತ್ತಿದ್ದ, ಮೇಲಿನ ಮನೆಯವನು. ಅವನ ಸರದಿಯಲ್ಲಿ ವಾರಿಜಕ್ಕ ಊಟದ ಮಾತು ಎತ್ತುತ್ತಿರಲಿಲ್ಲ. ಮಳೆ ಭಾರಿ ಜೋರು ಅಲ್ವಾ ಕೇಶವಣ್ಣ ಎನ್ನುತ್ತಿದ್ದಳು, ಹೌದು ಎಂದು ಅವನು ಕ್ಯಾನು ಹಿಡಿದು ಹೋಗುತ್ತಿದ್ದ. ಯಾಕೆಂದು ನಾನು ಜಯಂತನನ್ನು ಕೇಳಿದೆ. ಅವನು ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದ. ಕೇಶವನ ಹೆಂಡತಿ ಹಾವೇರಿ ಕಡೆಯವಳಂತೆ. ಹೋದ ವರ್ಷ ಪಂಚಮಿಗೆ ತವರಿಗೆ ಹೋದವಳು ಬರಲಿಲ್ಲ, ಫೋನೂ ಎತ್ತಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಏನು ಉಂಡು, ಏನು ಉಣ್ಣದೆ ಹೋಗಿದ್ದಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆಷಾಢದ ಹೊತ್ತಿಗೆ ಬರುವ ಅವರ ಆಟಿ ತಿಂಗಳು ಬಂತು. ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಹೋಗುವುದು ಅವರ ಪದ್ಧತಿ, ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಹಾಗಾಗಿ ಬೇಡ ಎನ್ನಲು ಯಾರಿಗೂ ಬಾಯಿ ಇರಲಿಲ್ಲ. ಅಣ್ಣ ಬಸು ಬರುವ ದಿನ ಗೊತ್ತಾಯಿತು. ನಾನು ಹೋದರೆ ತಿರುಗಿ ಬರುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಸೀರೆಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಹಬ್ಬಕ್ಕೆ ಹೋಗುವವಳಿಗೆ ಅಷ್ಟು ಸೀರೆ ಬೇಕಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಮಳೆಗೆ ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹರಡಲು ಒಳಗೆ ಹೋದರು.

ಆ ವಾರವೇ ಅದು ನಡೆದದ್ದು. ಮಳೆ ಬಿಟ್ಟ ಹೊತ್ತು ನೋಡಿ ನಾನು ದನಕ್ಕೆ ಹುಲ್ಲು ಹೆರೆಯಲು ಹೋಗಿದ್ದೆ. ಸಂಜೆ ಹುಲ್ಲಿನ ಕಟ್ಟು ಹೊತ್ತು ಅಂಗಳಕ್ಕೆ ಬಂದರೆ ಒಳಗಿಂದ ಜೋಳದ ವಾಸನೆ. ಕಟ್ಟನ್ನು ಅಲ್ಲೇ ಹಾಕಿ ಅಡುಗೆಮನೆಗೆ ಓಡಿದೆ. ಜಯಂತ ಸೋಮವಾರದ ಸಂತೆಗೆ ಪುತ್ತೂರಿಗೆ ಹೋದವನು, ಅಮ್ಮ ಹೇಳಿದರೆಂದು, ಎಲ್ಲೆಲ್ಲೋ ವಿಚಾರಿಸಿ ಒಂದು ಸಣ್ಣ ಚೀಲ ಜೋಳ ತಂದು ನನಗೆ ಕಾಣದ ಹಾಗೆ ಅಟ್ಟದಲ್ಲಿ ಇಟ್ಟಿದ್ದನಂತೆ. ಅದರಲ್ಲಿ ಅರ್ಧವನ್ನು ಅತ್ತೆ ಬೆಳಿಗ್ಗೆಯೇ ನೀರಿಗೆ ಹಾಕಿ, ಮಧ್ಯಾಹ್ನದ ಮೇಲೆ ಗ್ರೈಂಡರಿನಲ್ಲಿ ಕಡೆದಿದ್ದರು. ಅವರ ಕಡೆ ರೊಟ್ಟಿ ಎಂದರೆ ನೆನೆಹಾಕಿದ ಅಕ್ಕಿಯನ್ನು ಗಟ್ಟಿಯಾಗಿ ಕಡೆದು ಬಾಳೆಲೆಯ ಮೇಲೆ ತಟ್ಟುವುದು. ಜೋಳಕ್ಕೂ ಅದೇ ಉಪಚಾರ ಮಾಡಿದ್ದರು. ಬಾಳೆಲೆಯ ತುಂಬ ಬೂದುಬಣ್ಣದ ಹಿಟ್ಟು ಅಂಟಿಕೊಂಡು, ಎತ್ತಿದರೆ ಚೂರು ಚೂರಾಗಿ ಬೀಳುತ್ತಿತ್ತು. ಅವರ ಕೈ ಮೊಣಕೈ ತನಕ ಹಿಟ್ಟು.

"ನಿಮ್ಮ ಊರಿನ ರೊಟ್ಟಿ ಮಾಡುವ ಅಂತ," ಅಂದರು ಅತ್ತೆ. "ಹಿಡಿಯುದಿಲ್ಲ ಅಂತ ಒಂದು ಹಿಡಿ ಅನ್ನ ಸಹ ಹಾಕಿ ಕಡೆದೆ. ಆದ್ರೂ ಎಂತಕ್ಕೋ ಇದು ಸೇರುದೇ ಇಲ್ಲ."

ತಿಂಗಳುಗಟ್ಟಲೆ ಆಸೆಪಟ್ಟದ್ದು ಕಣ್ಣೆದುರು ಹಾಗೆ ರಾಡಿಯಾಗಿ ಬಿದ್ದಿರುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಇದನ್ನ ನೆನಿ ಹಾಕು ಅಂತ ಯಾರು ಹೇಳಿದ್ರು ನಿಮಗ?" ಅಂದೆ. "ಬೀಸಿ ಹಿಟ್ಟು ಮಾಡಬೇಕ್ರಿ ಇದನ್ನ. ಹಿಂಗ ನೆನಿಸಿದ್ದನ್ನ ನಮ್ಮಲ್ಲಿ ಎಮ್ಮಿಗೆ ಇಡತಾರ."

ಆ ಮಾತು ಖಾರವಾಗಿತ್ತು, ಆದರೆ ಸುಳ್ಳಲ್ಲ. ನಮ್ಮಲ್ಲಿ ಎಮ್ಮೆಗೆ ಇಡುವುದೇ ಹಾಗೆ. ಅತ್ತೆ ಬಾಳೆಲೆಗೆ ಅಂಟಿದ ಹಿಟ್ಟನ್ನು ಕೆರೆದು ತೆಗೆದರು. ನೆನೆ ಹಾಕದೆ ನಮ್ಮಲ್ಲಿ ಎಂತ ಸಹ ಮಾಡುದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ದನಕ್ಕೆ ಆಗ್ತದೆ ಹೇಳಿದೆಯಲ್ಲ, ಹಾಗಾದ್ರೆ ಹಾಳಾಗ್ಲಿಲ್ಲ."

ಅರ್ಧ ಹಿಟ್ಟನ್ನು ಬಕೆಟಿಗೆ ಹಾಕಿ ಹಟ್ಟಿಗೆ ಒಯ್ದು ದನಗಳ ಮುಂದೆ ಇಟ್ಟು ಬಂದರು. ಉಳಿದದ್ದಕ್ಕೆ ನೀರು ಸೇರಿಸಿ ದೋಸೆ ಹೊಯ್ದರು. ನನಗೆ ಸಿಟ್ಟೂ ಇತ್ತು, ಅಳುವೂ ಬರುತ್ತಿತ್ತು, ಹಸಿವೂ ಆಗಿತ್ತು. ಹಸಿವು ಗೆದ್ದಿತು. ರೊಟ್ಟಿಯೂ ಅಲ್ಲದ, ದೋಸೆಯೂ ಅಲ್ಲದ, ಹಲ್ಲಿಗೆ ಗರಗರ ಸಿಗುವ ಅದನ್ನು ನಾನು ಮದುವೆಯಾದ ಮೇಲೆ ಯಾವ ರಾತ್ರಿಯೂ ಉಣ್ಣದಷ್ಟು ತಿಂದೆ. ಏನೇ ಆದರೂ ಅದು ಜೋಳ. ಜಯಂತ ಒಮ್ಮೆ ಅಮ್ಮನ ಮುಖ, ಒಮ್ಮೆ ನನ್ನ ಮುಖ ನೋಡುತ್ತ ತಿಂದ.

ಮರುದಿನ ಬೆಳಿಗ್ಗೆ ನಾನು ಕ್ಯಾನು ಎತ್ತಿಕೊಂಡಾಗ ಅತ್ತೆಯೂ ಕೊಡೆ ಬಿಡಿಸಿ ಹೊರಟರು. ನನಗೆ ದಿಗಿಲಾಯಿತು. ಜಯಂತ ಜೋಳದ ಚೀಲ ಹೊತ್ತು ಬಸ್ಸಿಳಿದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ಆ ಚೀಲದ ಗತಿ ಏನಾಯಿತೆಂದು ತಿಳಿಯಲು ಸಾಲೇ ಕಾಯುತ್ತಿತ್ತು. ಅತ್ತೆ ಏನಾದರೊಂದು ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟಬೇಕಾಗುತ್ತದೆ ಎಂದುಕೊಂಡೆ. ವಾರಿಜಕ್ಕ ಕೇಳಿದಳು. ಅತ್ತೆ ಎಂತ ಇಲ್ಲ ಎಂದು ಶುರು ಮಾಡಲಿಲ್ಲ.

"ಜೋಳ," ಅಂದರು. "ನೆನೆ ಹಾಕಿ ಕಡೆದು ಹಾಳು ಮಾಡಿದೆ. ಅರ್ಧ ದನ ತಿಂದಿತು, ಅರ್ಧ ನಾವು ತಿಂದೆವು. ಸೊಸೆ ಬೈದಳು. ಸರಿಯಾಗಿಯೇ ಬೈದಳು."

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯೇ. ಜೋಳದಿಂದಲೋ ಸುಮ್ಮನೆಯೋ, ಅವತ್ತು ನಮ್ಮ ಹಾಲಿನ ಫ್ಯಾಟ್ ತುಸು ಏರಿತ್ತು. ಇನ್ನು ದಿನಾ ಕಡೆದು ಹಾಕಿ ದೇವಕಿಯಕ್ಕ ಎಂದು ವಾರಿಜಕ್ಕ ಹೇಳಿದಾಗ ಮತ್ತೊಮ್ಮೆ ನಗು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ತಾನು ಮಾಡಿದ್ದು ಕೆಟ್ಟಿತು, ಸೊಸೆ ಹೇಳಿದ್ದು ಸರಿ ಎಂದು ನಾಲ್ಕು ಜನರ ಮುಂದೆ ಹೇಳುವ ಅತ್ತೆಯನ್ನು ನಾನು ನಮ್ಮ ಓಣಿಯಲ್ಲಿ ಕಂಡಿರಲಿಲ್ಲ. ಅವರು ನನಗೆ ಇಷ್ಟವಾದದ್ದು ಆ ಬೆಳಿಗ್ಗೆ. ಆದರೂ ನನ್ನ ತೀರ್ಮಾನ ಕದಲಲಿಲ್ಲ. ಒಬ್ಬರು ಇಷ್ಟವಾಗುವುದು ಬೇರೆ, ಅವರ ಮನೆಯಲ್ಲಿ ಆಯುಷ್ಯವಿಡೀ ರಾತ್ರಿ ಉಣ್ಣುವುದು ಬೇರೆ.

ಬಸು ಬಂದ. ರಾತ್ರಿ ಕಾಡಾನೆ ತೋಟದ ಬಾಳೆ ಮುರಿದು ರಸ್ತೆಗೆ ಎಳೆದು ಹಾಕಿದ್ದರಿಂದ ನಮ್ಮನ್ನು ಸುಬ್ರಹ್ಮಣ್ಯಕ್ಕೆ ಬಿಡಬೇಕಿದ್ದ ಜೀಪು ತಡವಾಗಿ ಬಂತು. ಹೊರಡುವ ಹೊತ್ತಿಗೆ ಅತ್ತೆ ಒಳಗಿಂದ ಒಂದು ಬಟ್ಟೆಯ ಚೀಲ ತಂದು ನನ್ನ ಕೈಗಿಟ್ಟರು. ಭಾರವಿತ್ತು. ಒಳಗೆ ಉಳಿದರ್ಧ ಜೋಳ.

"ಇದನ್ನು ಅಲ್ಲಿ ಹುಡಿ ಮಾಡಿಸಿ ತಾ," ಅಂದರು. "ಇಲ್ಲಿಯ ಮಿಲ್ಲಲ್ಲಿ ಮೆಣಸು ಹುಡಿ ಮಾಡುದು. ರೊಟ್ಟಿ ಖಾರ ಆದೀತು."

ಜೋಳದ ನಾಡಿಗೆ ಗುತ್ತಿಗಾರಿನಿಂದ ಜೋಳ. ಬಸು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಜೀಪಿನ ಆಚೆ ಬದಿಗೆ ಹೋದ. ನನಗೆ ನಾಚಿಕೆಯಾಯಿತು. ಅಲ್ಲಿ ನಮ್ಮ ಹೊಲದ್ದೇ ಬೇಕಾದಷ್ಟು ಇದೆ ಎಂದು ತಿಳಿಸಿ ಹೇಳಿದೆ. ಅದು ಅಲ್ಲಿಯದ್ದು, ಇದು ಇಲ್ಲಿಗೆ ಅಂತ ತಂದದ್ದು ಎಂದರು ಅತ್ತೆ. ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ಜಯಂತನೂ ಕೇಳಲಿಲ್ಲ, ಚೀಲಗಳನ್ನು ಜೀಪಿನಲ್ಲಿ ಒತ್ತಿ ಇಡುತ್ತಿದ್ದ. ಸೀರೆಯ ಚೀಲ ಎತ್ತುವಾಗ ಅದರ ಭಾರಕ್ಕೆ ಒಂದು ಗಳಿಗೆ ಕೈ ನಿಲ್ಲಿಸಿದ, ಅಷ್ಟೇ.

ತವರಿನಲ್ಲಿ ಮೊದಲ ಸಂಜೆ ಅವ್ವ ಬಡಿಯುತ್ತ ಹೋದಳು, ನಾನು ತಿನ್ನುತ್ತ ಹೋದೆ. ಬೆಣ್ಣೆ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಹೊಟ್ಟೆ ತುಂಬಿದ ಮೇಲೆ ಹೇಳಿದೆ, ನಾನು ತಿರುಗಿ ಹೋಗುವುದಿಲ್ಲ ಎಂದು. ಅಪ್ಪ ಹೊರಗೆ ಎದ್ದುಹೋದ. ಅವನದು ಸಿಟ್ಟಲ್ಲ, ನನ್ನ ಬಗ್ಗೆ ಅವನ ಹತ್ತಿರ ಯಾವತ್ತೂ ಒಂದು ಮಾತು ಕಡಿಮೆಯೇ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಆತು, ನಿನ್ನ ಮನಸು," ಅಂದಳು. "ಒಂದು ಖರೇ ಹೇಳು. ಕೆಟ್ಟದ್ದು ಊಟ ಏನು, ಮಂದಿ ಏನು?"

ಊಟ ಎಂದೆ. ಹೇಳಿದ ಮೇಲೆ ಆ ಉತ್ತರ ನನಗೇ ಸಣ್ಣದಾಗಿ ಕೇಳಿಸಿತು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. ಊಟ ಸಣ್ಣ ಮಾತು ಎನ್ನುವವರು ಮೂರು ತಿಂಗಳು ಹಸಿದು ನೋಡಲಿ.

ಪಂಚಮಿಯ ಉಂಡಿ ಕಟ್ಟಲು ಓಣಿಯ ಹೆಂಗಸರು ನಮ್ಮ ಕಟ್ಟೆಗೆ ಬಂದರು. ಎಲ್ಲರಿಗೂ ಒಂದೇ ಕುತೂಹಲ, ಅಲ್ಲಿ ರಾತ್ರಿ ಏನು ಉಣ್ಣುತ್ತಾರೆ. ನಾನೂ ರಂಗೇರಿ ಹೇಳಿದೆ. ಹಲಸಿನ ಹಣ್ಣು ತಿಂದು ಬೀಜವನ್ನೂ ಬಿಡುವುದಿಲ್ಲ ಎಂದೆ. ಬೇಸಗೆಯ ಕಾಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಮಳೆಗಾಲಕ್ಕೆ ಕಾದಿಡುತ್ತಾರೆ ಎಂದೆ. ಬಿದಿರಿನ ಮೊಳಕೆಯನ್ನು ಕೊಚ್ಚಿ ದಿನಾ ನೀರು ಬದಲಾಯಿಸಿ ಅದರ ವಿಷ ತೆಗೆಯುತ್ತಾರೆ ಎಂದೆ. ಜೋಳವನ್ನೂ ನೆನೆಹಾಕಿದರು ಎಂದಾಗ ನಕ್ಕು ನಕ್ಕು ಉಂಡಿ ಕಟ್ಟುವುದೇ ನಿಂತಿತು. ಆಗ ನಮ್ಮ ದೊಡ್ಡವ್ವ ಕಣ್ಣೊರೆಸಿಕೊಳ್ಳುತ್ತ, ಪಾಪ, ಏನೂ ಬೆಳೆಯದ ಸೀಮೆ ಇರಬೇಕು, ಕಾಡಿನಲ್ಲಿ ಸಿಕ್ಕದ್ದನ್ನು ಆರಿಸಿಕೊಂಡು ತಿನ್ನುವ ಮಂದಿ ಅಂದಳು.

ನನ್ನ ಮೈ ಉರಿದುಹೋಯಿತು. "ಯಾರಿಗೆ ಪಾಪ ಅಂತಿ ದೊಡ್ಡವ್ವ?" ಅಂದೆ. "ಒಂದು ತಿಂಗಳು ಮಳಿ ಬಿಡಲಿಲ್ಲಂದ್ರ ನಿನ್ನ ಒಲಿ ಮ್ಯಾಲೆ ಏನು ಇಡತಿ ಹೇಳು ನೋಡೂಣು. ನಮ್ಮತ್ತಿ ಅಂಗಡಿ ಕಡಿ ಹಾಯಲಾರದ, ದಿನಾ ಮೂರು ತರದ್ದು ಮಾಡಿ ಇಡತಾರ. ಬ್ಯಾಸಗಿಯಾಗ ಮಳಿಗಾಲದ ಊಟ ಮಾಡಿಟ್ಟಿರತಾರ ಅವರು."

ಎಲ್ಲರೂ ತಲೆ ಬಗ್ಗಿಸಿ ಉಂಡಿ ಕಟ್ಟತೊಡಗಿದರು. ಅವ್ವ ಮಾತ್ರ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಉಂಡಿಗೆ ಕೈ ಹಾಕಿದಳು. ನನಗೆ ನನ್ನ ಮೇಲೆಯೇ ಆಶ್ಚರ್ಯ. ನಗಿಸಲು ಶುರು ಮಾಡಿದ್ದೂ ನಾನೇ, ಜಗಳಕ್ಕೆ ನಿಂತದ್ದೂ ನಾನೇ.

ಜಯಂತ ದಿನಾ ಸಂಜೆ ಫೋನು ಮಾಡುತ್ತಿದ್ದ. ಮನೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ ಸೊಸೈಟಿಯ ಜಗಲಿಗೆ ಬಂದು ನಿಂತು ಮಾಡಬೇಕು. ಅವನಿಗೆ ಮಾತು ಬರುವುದಿಲ್ಲ. ಹಾಗಾಗಿ ಅಮ್ಮ ರಾತ್ರಿಗೆ ಏನು ಮಾಡಿದ್ದಾರೆ ಎಂದು ಹೇಳುತ್ತಿದ್ದ. ಇವತ್ತು ಕೆಸುವಿನ ಪತ್ರೊಡೆ, ಹುಳಿ ಕಡಿಮೆಯಾಗಿ ಗಂಟಲು ಸ್ವಲ್ಪ ತುರಿಸ್ತದೆ. ಇವತ್ತು ಎಂತ ಇಲ್ಲ, ಗಂಜಿ, ಸೌತೆಯ ತಿರುಳಿನ ಚಟ್ನಿ, ಹಪ್ಪಳ. ನಾನು ಹೂಂ ಎನ್ನುತ್ತಿದ್ದೆ. ಇಲ್ಲಿ ಏನು ಉಂಡೆ ಎಂದು ಅವನು ಕೇಳಿದರೆ ರೊಟ್ಟಿ ಎನ್ನುತ್ತಿದ್ದೆ. ದಿನಾ ಅದೇ ಉತ್ತರ. ಬರುವ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಬ್ಬ ಮುಗಿಯಿತು, ಮರಕ್ಕೆ ಕಟ್ಟಿದ್ದ ಜೋಕಾಲಿ ಬಿಚ್ಚಿದರು. ಬಟ್ಟೆಯ ಚೀಲ ಮೂಲೆಯಲ್ಲಿ ಹಾಗೇ ಕೂತಿತ್ತು.

ಒಂದು ಸಂಜೆ ಅವನು ಊಟದ ಮಾತು ಹೇಳಿ ಮುಗಿಸಿದರೂ ಫೋನು ಇಡಲಿಲ್ಲ. ಜಗಲಿಯ ಮಾಡಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮತ್ತೆ ಎಂತ ಎಂದು ಅವರ ಹಾಗೆಯೇ ಕೇಳಿದೆ.

"ಎಂತ ಇಲ್ಲ," ಅಂದ. "ವಾರಿಜಕ್ಕ ಈಗ ಅಮ್ಮನ ಹತ್ರ ಮಳೆ ಬಗ್ಗೆ ಮಾತ್ರ ಮಾತಾಡುದು. ಊಟದ್ದು ಕೇಳುದಿಲ್ಲ. ಆದ್ರೆ ಅಮ್ಮ ಬಿಡುದಿಲ್ಲ. ಕೇಳದಿದ್ರೂ ಎಲ್ಲರಿಗೆ ಕೇಳುವ ಹಾಗೆ ಹೇಳಿ ಬರ್ತದೆ, ಸೊಸೆ ಜೋಳ ಹುಡಿ ಮಾಡಿಸ್ಲಿಕ್ಕೆ ಹೋದ್ದು ಅಂತ."

ಫೋನು ಇಟ್ಟ ಮೇಲೆ ಆ ರಾತ್ರಿ ಅವ್ವನ ರೊಟ್ಟಿ ನನಗೆ ಇಳಿಯಲಿಲ್ಲ. ಮಾಡಿನ ನೀರು ಸುರಿಯುವ ಆ ಜಗಲಿ, ಕ್ಯಾನು ಹಿಡಿದ ಹೆಂಗಸರು, ನೆಲ ನೋಡುತ್ತ ಮಳೆಯ ಮಾತಾಡುವ ವಾರಿಜಕ್ಕ, ಅವಳ ಮುಂದೆ ಗಂಟಲೆತ್ತಿ ಹೇಳುವ ಅತ್ತೆ. ಹಾಳಾದದ್ದನ್ನು ಹಾಳಾಯಿತು ಎಂದು ಜನರ ಮುಂದೆ ಒಪ್ಪಿಕೊಂಡ ಬಾಯಿ ಅದು. ಅದೇ ಬಾಯಿ ಈಗ ನನಗೋಸ್ಕರ ದಿನಾ ಬೆಳಿಗ್ಗೆ ಒಂದು ಮಾತು ಹೇಳುತ್ತಿದೆ. ಅದು ಸುಳ್ಳಾಗುವುದೋ ನಿಜವಾಗುವುದೋ ನನ್ನ ಕೈಯಲ್ಲಿದೆ. ನನಗೆ ಅಳು ಬಂತು, ಮರುಗಳಿಗೆ ಛಲ ಬಂತು. ಆ ಸಾಲಿನಲ್ಲಿ ನಿಂತು, ನಿನ್ನೆ ರಾತ್ರಿಗೆ ರೊಟ್ಟಿ, ಮಾಡಿದ್ದು ನಾನು ಎಂದು ಒಂದು ಸಲವಾದರೂ ಹೇಳದೆ ಸೋತು ಬರುವುದೇ? ಕುಚ್ಚಲಕ್ಕಿಗೆ ಹೆದರಿ ಓಡಿಬಂದವಳು ಎಂದು ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಬೆಳಿಗ್ಗೆ ಚೀಲ ಬಿಚ್ಚಿ ಜೋಳವನ್ನು ಮೊರಕ್ಕೆ ಸುರಿದೆ. ಗುತ್ತಿಗಾರಿನ ಮಳೆಯ ತೇವ ಕುಡಿದು ಬಂದದ್ದು, ಹುಳ ಹತ್ತಿತ್ತು. ಮೊದಲೇ ಹಳೆಯ ಜೋಳ. ಬಸು ನೋಡಿ, ಇದನ್ನು ಕೋಳಿಗೆ ಹಾಕು, ನಮ್ಮ ಹಗೇವಿನಲ್ಲಿ ತುಂಬಿಟ್ಟ ಹೊಸ ಜೋಳ ಬೀಸಿಸಿಕೊಂಡು ಹೋಗು, ನಿಮ್ಮತ್ತೆಗೇನು ಗೊತ್ತಾಗುತ್ತದೆ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಕೇರುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು ಎದುರು ಕೂತು ಕೆಟ್ಟ ಕಾಳು ಆರಿಸಿ ತೆಗೆಯತೊಡಗಿದಳು. ಬಿಸಿಲಿಗೆ ಹರಡಿ, ಒಣಗಿಸಿ, ಸಂಜೆ ಗಿರಣಿಗೆ ಹೊತ್ತುಕೊಂಡು ಹೋದೆ.

ಗಿರಣಿಯ ಹುಸೇನಸಾಬರು ನಾನು ಲಂಗ ಹಾಕುವ ಕಾಲದಿಂದ ನಮ್ಮ ಮನೆಯ ಜೋಳ ಬೀಸಿದವರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹೊರಳಿಸಿ ನೋಡಿ ಮುಖ ಗಂಟು ಹಾಕಿದರು. ಇದರಲ್ಲಿ ಜೀವವೇ ಇಲ್ಲ, ರೊಟ್ಟಿ ಬಿರಿಯುತ್ತದೆ, ಒಂದಿಷ್ಟು ಒಳ್ಳೆಯ ಜೋಳ ಕೂಡಿಸಿ ಬೀಸಲೇ ಎಂದು ಕೇಳಿದರು. ಬೇಡ ಎಂದೆ. ಹಿಂದಿನವರ ಗೋಧಿ ಹಿಟ್ಟು ಪೂರ್ತಿ ಹೊರಗೆ ಬರುವ ತನಕ ಕಾಯುತ್ತೇನೆ, ಇದಕ್ಕೆ ಏನೂ ಸೇರಬಾರದು ಎಂದೆ.

"ಇಂಥಾ ಜೋಳ ಯಾರ ಮನೀದವ್ವಾ?" ಅಂದರು. "ನಿಮ್ಮಪ್ಪನ ಹೊಲದ್ದಂತೂ ಅಲ್ಲ ಇದು."

"ಅಲ್ರಿ," ಅಂದೆ. "ನಮ್ಮ ಮನೀದು."

ಅವರು ನನ್ನ ಮುಖ ನೋಡಿದರು, ಆಮೇಲೆ ಜೋಳವನ್ನು ಮೇಲಿನ ಡಬ್ಬಕ್ಕೆ ಸುರಿದರು. ಗಿರಣಿಯಿಂದ ಇಳಿಯುವ ಹಿಟ್ಟು ಬಿಸಿಯಾಗಿರುತ್ತದೆ. ಆಗಲೇ ಚೀಲದ ಬಾಯಿ ಕಟ್ಟಿದರೆ ಬೆವತು ಕೆಡುತ್ತದೆ. ಬಾಯಿ ತೆರೆದುಕೊಂಡೇ ಅದನ್ನು ಎದೆಗೆ ಅಪ್ಪಿ ಮನೆಗೆ ತಂದು, ಬಸುಗೆ ಸುಬ್ರಹ್ಮಣ್ಯದ ಬಸ್ಸಿಗೆ ಒಂದು ಸೀಟು ಹಿಡಿ ಎಂದೆ. ಯಾವತ್ತಿನದು ಎಂದು ಕೇಳಿದ. ಹಿಟ್ಟು ಆರಿದ ಕೂಡಲೇ ಎಂದೆ.